ಅಥ್ಲೆಟಿಕ್ ಟ್ರೈನಿಂಗ್ ಶಿಕ್ಷಣವನ್ನು ಸುಧಾರಿಸುವ ಆಸೆಯಿದ್ದರೆ ಯಾವ ಡಾಕ್ಟರೇಟ್ ಮಾಡಬೇಕು?

ಮೈದಾನದಂಚು:

ಮಾನ್ಯರೇ, ಅಮೆರಿಕದ ಒಂದು ಪ್ರೌಢಶಾಲೆಯಲ್ಲಿ ನಾನು ಅಥ್ಲೆಟಿಕ್ ಟ್ರೈನರ್ ಆಗಿದ್ದೇನೆ. ಆಟಗಾರರಿಗೆ ಗಾಯವಾಗದಂತೆ ನೋಡಿಕೊಳ್ಳುವುದು, ಮೈದಾನದಲ್ಲಿ ತುರ್ತು ಆರೈಕೆ ನೀಡುವುದು, ಗಾಯಗೊಂಡವರನ್ನು ಮತ್ತೆ ಆಟಕ್ಕೆ ಅಣಿಗೊಳಿಸುವುದು ನನ್ನ ದಿನನಿತ್ಯದ ಹೊಣೆ. ಇದರ ಜೊತೆಗೆ ಸಮೀಪದ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಲಿನಿಕಲ್ ಕಲಿಕೆಗಾಗಿ ನನ್ನ ಬಳಿ ಬರುತ್ತಾರೆ. ಅವರಿಗೆ ನಾನು ಪ್ರಿಸೆಪ್ಟರ್, ಅಂದರೆ ಕೆಲಸದ ಸ್ಥಳದಲ್ಲೇ ಕಲಿಸಿ ಅವರ ಕೆಲಸವನ್ನು ಅಳೆಯುವ ಹೊಣೆ ನನ್ನದು.

ಹಲವು ತಂಡಗಳ ವಿದ್ಯಾರ್ಥಿಗಳನ್ನು ನೋಡಿದ ಮೇಲೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ತರಗತಿಯಲ್ಲಿ ಒಳ್ಳೆಯ ಅಂಕ ಪಡೆದವರೇ ತಲೆಗೆ ಪೆಟ್ಟು ಬಿದ್ದ ಆಟಗಾರನ ಎದುರು ಮೊದಲು ಏನು ಮಾಡಬೇಕೆಂದು ತೋಚದೆ ನಿಂತುಬಿಡುತ್ತಾರೆ. ಇನ್ನೊಂದೆಡೆ, ಒಬ್ಬನೇ ವಿದ್ಯಾರ್ಥಿಯನ್ನು ನಾನು ಒಂದು ರೀತಿ ಅಳೆದರೆ ಮುಂದಿನ ಸ್ಥಳದ ಪ್ರಿಸೆಪ್ಟರ್ ಮತ್ತೊಂದು ರೀತಿ ಅಳೆಯುತ್ತಾರೆ, ಮತ್ತು ನಮ್ಮಿಬ್ಬರಲ್ಲಿ ಯಾರ ಅಳತೆ ಸರಿ ಎಂದು ಕೇಳುವವರಿಲ್ಲ. ಈ ಶಿಕ್ಷಣ ನಡೆಯುವ ಬಗೆಯನ್ನೇ ಸುಧಾರಿಸುವ ಕೆಲಸದಲ್ಲಿ ತೊಡಗಬೇಕು, ಅದಕ್ಕಾಗಿ ಡಾಕ್ಟರೇಟ್ ಮಾಡಬೇಕು ಎಂದು ಯೋಚಿಸಿದ್ದೇನೆ. ಪಿಎಚ್.ಡಿ., ಶಿಕ್ಷಣದಲ್ಲಿನ ಎಡ್.ಡಿ., ಅಥ್ಲೆಟಿಕ್ ಟ್ರೈನಿಂಗ್‌ನದೇ ಆದ ಡಿ.ಎ.ಟಿ. ಈ ಮೂರರಲ್ಲಿ ಯಾವುದು ಈ ಉದ್ದೇಶಕ್ಕೆ ಹೊಂದುತ್ತದೆ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಹಳೆಯ ಬೋಧಕ:

ನಾನು ಒಂದು ವಿಶ್ವವಿದ್ಯಾಲಯದಲ್ಲಿ ಅಥ್ಲೆಟಿಕ್ ಟ್ರೈನಿಂಗ್ ಕಾರ್ಯಕ್ರಮದ ನಿರ್ದೇಶಕನಾಗಿದ್ದೇನೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಮೊದಲು, ಈ ಶಿಕ್ಷಣ ಇಂದಿನ ಸ್ಥಿತಿಗೆ ಹೇಗೆ ಬಂತೆಂಬುದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಿಮ್ಮನ್ನು ಕಾಡುತ್ತಿರುವ ಎರಡು ಸಂಗತಿಗಳಿಗೂ ಬೇರು ಅಲ್ಲಿದೆ.

ರಾಷ್ಟ್ರೀಯ ಅಥ್ಲೆಟಿಕ್ ಟ್ರೈನರ್‌ಗಳ ಸಂಘ, ಅಂದರೆ ನಾಟಾ, 1950ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹುಟ್ಟಿತು. 1959ರಲ್ಲಿ ಅದು ಒಪ್ಪಿದ ಮೊದಲ ಪಠ್ಯಕ್ರಮದ ಮಾದರಿ ದೈಹಿಕ ಶಿಕ್ಷಣದ ಶಿಕ್ಷಕರ ತರಬೇತಿಗೆ ಮತ್ತು ಫಿಸಿಯೋಥೆರಪಿ ಶಾಲೆಗೆ ಸೇರಲು ಬೇಕಾದ ವಿಜ್ಞಾನದ ಕೋರ್ಸ್‌ಗಳಿಗೆ ಅಂಟಿಕೊಂಡಿತ್ತು. 1970ರಲ್ಲಿ ಮೊದಲ ಪ್ರಮಾಣೀಕರಣ ಪರೀಕ್ಷೆ ನಡೆಯಿತು. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನು ಆರೋಗ್ಯ ಸೇವೆಯ ಒಂದು ವೃತ್ತಿಯೆಂದು ಗುರುತಿಸಿತು. ಅಷ್ಟಾದರೂ 2004ರವರೆಗೆ, ಮಾನ್ಯತೆ ಪಡೆದ ಕಾರ್ಯಕ್ರಮಕ್ಕೆ ಸೇರದೆ, ಹಿರಿಯರೊಬ್ಬರ ಕೈಕೆಳಗೆ ನಿಗದಿತ ಗಂಟೆಗಳ ಕೆಲಸ ಮುಗಿಸಿ ಪರೀಕ್ಷೆಗೆ ಕೂರುವ ಇಂಟರ್ನ್‌ಶಿಪ್ ದಾರಿ ತೆರೆದೇ ಇತ್ತು. ಅದು ಮುಚ್ಚಿತು, ಆದರೆ ಜೊತೆಯಲ್ಲಿದ್ದು ನೋಡಿದರೆ ಕಲಿತಂತೆ ಎಂಬ ನಂಬಿಕೆ ಉಳಿದುಕೊಂಡಿತು. ನಮ್ಮ ಕ್ಲಿನಿಕಲ್ ಶಿಕ್ಷಣದ ಮೇಲೆ ಆ ನಂಬಿಕೆಯ ನೆರಳು ಇಂದಿಗೂ ಇದೆ ಎಂಬುದು ನನ್ನ ಅಭಿಪ್ರಾಯ.

2015ರಲ್ಲಿ ವೃತ್ತಿಪ್ರವೇಶದ ಪದವಿಯನ್ನು ಸ್ನಾತಕೋತ್ತರ ಮಟ್ಟಕ್ಕೆ ಏರಿಸುವ ನಿರ್ಧಾರವಾಯಿತು. 2022ರ ಶರತ್ಕಾಲದ ಅವಧಿ ಆರಂಭವಾದ ನಂತರ ಸ್ನಾತಕ ಮಟ್ಟದ ವೃತ್ತಿಪರ ಕಾರ್ಯಕ್ರಮಗಳು ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಂತಿಲ್ಲ. ಮಾನ್ಯತಾ ಸಂಸ್ಥೆಯಾದ ಕೇಟ್ 2020ರಲ್ಲಿ ಜಾರಿಗೆ ತಂದ ಮಾನದಂಡಗಳು ಕಾರ್ಯಕ್ರಮದ ನಿರ್ದೇಶಕರಿಗೆ ಡಾಕ್ಟರೇಟ್ ಇರಲೇಬೇಕೆಂದು ಹೇಳುತ್ತವೆ. ವಿದ್ಯಾರ್ಥಿಗೆ ಕನಿಷ್ಠ ನಾಲ್ಕು ವಾರಗಳ ಪೂರ್ಣಾವಧಿ ಕ್ಲಿನಿಕಲ್ ಅನುಭವ ಬೇಕೆಂದೂ ಹೇಳುತ್ತವೆ. ಹೀಗೆ ಪದವಿಯ ಮಟ್ಟ ಏರಿತು, ಡಾಕ್ಟರೇಟ್ ಇರುವ ಬೋಧಕರ ಬೇಡಿಕೆಯೂ ಏರಿತು. ವಿದ್ಯಾರ್ಥಿಯ ಪಕ್ಕದಲ್ಲಿ ಮೈದಾನದಲ್ಲಿ ನಿಲ್ಲುವ ಪ್ರಿಸೆಪ್ಟರ್‌ಗೆ ಮಾತ್ರ ಬೋಧನೆಯ ತರಬೇತಿ ಆ ವೇಗದಲ್ಲಿ ಸಿಗಲಿಲ್ಲ. ಪ್ರಿಸೆಪ್ಟರ್‌ಗಳಿಗೆ ಯೋಜಿತವಾದ, ನಿರಂತರವಾದ ಶಿಕ್ಷಣ ಕೊಡಬೇಕೆಂದು ಮಾನದಂಡ ಹೇಳುತ್ತದೆ, ನಿಜ. ಅನೇಕ ಕಡೆ ಅದು ವರ್ಷಕ್ಕೊಮ್ಮೆ ಕೂತು ಮುಗಿಸುವ ಒಂದು ಸ್ಲೈಡ್ ಪ್ರದರ್ಶನವಾಗಿ ಉಳಿದಿದೆ.

ಪದವಿಗಳ ವಿಚಾರಕ್ಕೆ ಬರುತ್ತೇನೆ. ಡಿ.ಎ.ಟಿ. ಮುಖ್ಯವಾಗಿ ಉನ್ನತ ಕ್ಲಿನಿಕಲ್ ಅಭ್ಯಾಸದ ಪದವಿ. ಎಡ್.ಡಿ. ತನ್ನ ಸಂಸ್ಥೆಯಲ್ಲಿರುವ ಒಂದು ಶೈಕ್ಷಣಿಕ ಸಮಸ್ಯೆಯನ್ನು ಹಿಡಿದು ಅದನ್ನು ಬದಲಿಸಲು ಕಲಿಸುವ ಪದವಿ. ಈ ಪದವಿಯನ್ನು ಹೊಸದಾಗಿ ರೂಪಿಸಲು 2007ರಲ್ಲಿ ಆರಂಭವಾದ ಕಾರ್ನೆಗಿ ಯೋಜನೆಯ ನಂತರ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಪಿಎಚ್.ಡಿ.ಯಿಂದ ಸ್ಪಷ್ಟವಾಗಿ ಬೇರ್ಪಡಿಸಿ ರೂಪಿಸಿವೆ. ಪಿಎಚ್.ಡಿ. ಇನ್ನೂ ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯನ್ನು ಕೇಳಿ, ಬೇರೆಯವರೂ ನಂಬುವಂಥ ಉತ್ತರ ಕಂಡುಕೊಳ್ಳಲು ಕಲಿಸುತ್ತದೆ. ನಿರ್ದೇಶಕರ ಹುದ್ದೆಗೆ ಮಾನದಂಡದ ಪ್ರಕಾರ ಡಾಕ್ಟರೇಟ್ ಸಾಕು; ಆದರೆ ಕಾಯಂ ಅಧ್ಯಾಪಕರ ಹುದ್ದೆಗೆ ಯಾವ ಡಾಕ್ಟರೇಟ್ ಒಪ್ಪಿಗೆಯಾಗುತ್ತದೆ ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಸಂಶೋಧನೆಗೆ ಹೆಸರಾದ ಕಡೆ ಪಿಎಚ್.ಡಿ. ಇಲ್ಲದವರನ್ನು ಕ್ಲಿನಿಕಲ್ ಅಧ್ಯಾಪಕರ ಸಾಲಿಗೆ ಮಾತ್ರ ಸೇರಿಸಿಕೊಳ್ಳುವುದು ಸಾಮಾನ್ಯ.

ತಣ್ಣೀರ ತೊಟ್ಟಿ:

ನಾನು ಡಿ.ಎ.ಟಿ. ಮುಗಿಸಿದವನು. ಬೋಧಕರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಈ ಪದವಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ಅನ್ಯಾಯವೆನಿಸಿತು. ನಾವು ನಮ್ಮ ರೋಗಿಗಳ ಫಲಿತಾಂಶಗಳನ್ನು ಕ್ರಮವಾಗಿ ದಾಖಲಿಸಿ, ನಮ್ಮ ಚಿಕಿತ್ಸೆಯಿಂದ ಅವರಿಗೆ ನಿಜವಾಗಿಯೂ ಗುಣವಾಗುತ್ತಿದೆಯೇ ಎಂದು ಪರಿಶೀಲಿಸಲು ಕಲಿತೆವು. ಮೊದಲು ನನ್ನ ವಿದ್ಯಾರ್ಥಿ ‘ಇದನ್ನು ಏಕೆ ಮಾಡುತ್ತಿದ್ದೀರಿ’ ಎಂದು ಕೇಳಿದರೆ ರೂಢಿಯನ್ನೇ ಉತ್ತರವಾಗಿ ಕೊಡುತ್ತಿದ್ದೆ. ಈಗ ದಾಖಲೆ ತೆರೆದು ತೋರಿಸುತ್ತೇನೆ. ಪ್ರಿಸೆಪ್ಟರ್ ಒಳ್ಳೆಯ ಚಿಕಿತ್ಸಕನಾಗದೆ ವಿದ್ಯಾರ್ಥಿ ಒಳ್ಳೆಯದನ್ನು ಕಲಿಯುವುದು ಹೇಗೆ? ಪುರಾವೆ ಆಧರಿಸಿದ ಅಭ್ಯಾಸ, ಗುಣಮಟ್ಟದ ಸುಧಾರಣೆ ಇವೆಲ್ಲ ಕೇಟ್ ಪಟ್ಟಿ ಮಾಡಿರುವ ಮೂಲ ಸಾಮರ್ಥ್ಯಗಳು. ಅವುಗಳನ್ನು ಸ್ವತಃ ಬದುಕದವನು ಇನ್ನೊಬ್ಬರಿಗೆ ತೋರಿಸಲಾರ.

ಆದರೂ ಮೈದಾನದಂಚು ಅವರು ಬರೆದದ್ದನ್ನು ಮತ್ತೆ ಓದಿದೆ. ಅವರ ತೊಂದರೆ ಚಿಕಿತ್ಸೆಯದಲ್ಲ, ಅಳತೆಯದು. ಇಬ್ಬರು ಪ್ರಿಸೆಪ್ಟರ್‌ಗಳು ಒಬ್ಬನೇ ವಿದ್ಯಾರ್ಥಿಗೆ ಬೇರೆ ಬೇರೆ ಅಂಕ ಏಕೆ ಕೊಡುತ್ತಾರೆ ಎಂಬ ಪ್ರಶ್ನೆಗೆ ನನ್ನ ಪದವಿಯಲ್ಲಿ ಉತ್ತರ ಹುಡುಕಿರಲಿಲ್ಲ. ಅದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಪ್ರಬಂಧದ ನಡುವೆ:

ನಾನು ಪಿಎಚ್.ಡಿ. ವಿದ್ಯಾರ್ಥಿನಿ, ಮಹಾಪ್ರಬಂಧದ ಹಂತದಲ್ಲಿದ್ದೇನೆ. ತಣ್ಣೀರ ತೊಟ್ಟಿ ಅವರ ಕೊನೆಯ ಮಾತನ್ನು ಹಿಡಿದುಕೊಂಡು, ಒಂದು ಉದಾಹರಣೆಯ ಮೂಲಕ, ಈ ವಿಷಯದಲ್ಲಿ ಡಾಕ್ಟರೇಟ್ ಓದು ನಿಜಕ್ಕೂ ಏನು ಕಲಿಸುತ್ತದೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಅವರ ಬಳಕೆದಾರ ಹೆಸರೇ ಇದಕ್ಕೆ ಒದಗಿಬಂದಿದೆ.

ಶ್ರಮದಿಂದ ಬರುವ ಹೀಟ್ ಸ್ಟ್ರೋಕ್ ಅನ್ನು ತೆಗೆದುಕೊಳ್ಳಿ. ಆಟಗಾರ ಕುಸಿದಿದ್ದಾನೆ, ಮಾತು ತೊದಲುತ್ತಿದೆ ಅಥವಾ ಅಸಂಬದ್ಧವಾಗಿದೆ. ಗುದದ ಉಷ್ಣಾಂಶವನ್ನು ಅಳೆದರೆ ಅದು 40.5 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಕೂಡಲೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ, 30 ನಿಮಿಷದೊಳಗೆ 38.9 ಡಿಗ್ರಿಗಿಂತ ಕೆಳಕ್ಕೆ ಇಳಿಸಿ, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಮೊದಲು ತಂಪು, ನಂತರ ಸಾಗಣೆ. ಇದು ವಿವಾದವಿಲ್ಲದ ಜ್ಞಾನ, ಹೆಚ್ಚುಕಡಿಮೆ ಪ್ರತಿ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾನೆ. ಆದರೆ ಓದುವ ಎರಡು ವರ್ಷಗಳಲ್ಲಿ ಅವನು ಒಂದೇ ಒಂದು ನಿಜವಾದ ಪ್ರಕರಣವನ್ನೂ ನೋಡದೆ ಹೋಗಬಹುದು, ಮತ್ತು ಬಹುಪಾಲು ಜನ ಹಾಗೆಯೇ ಹೋಗುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಅದು ಎದುರಾದರೆ? ಗುದದ ಥರ್ಮಾಮೀಟರ್ ಬಳಸಲು ಹಿಂಜರಿದು, ಕಿವಿಯಲ್ಲೋ ಹಣೆಯ ಮೇಲೋ ಅಳೆದು, ಉಷ್ಣಾಂಶ ಅಷ್ಟೇನೂ ಇಲ್ಲವೆಂದು ಸುಮ್ಮನಾದರೆ? ಹೀಗೆ ಅಳೆದ ಉಷ್ಣಾಂಶ ದೇಹದೊಳಗಿನ ತಾಪವನ್ನು ಸರಿಯಾಗಿ ತೋರಿಸುವುದಿಲ್ಲವೆಂದು ಅವನಿಗೆ ಗೊತ್ತಿದೆ, ಆದರೂ ಕೈ ಹಿಂಜರಿಯುತ್ತದೆ. ತಿಳಿವಳಿಕೆಗೂ ನಡೆಗೂ ನಡುವಿನ ಈ ಬಿರುಕು ಪಠ್ಯಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರಿಸುವುದರಿಂದ ಮುಚ್ಚುವುದಿಲ್ಲ.

ವೈದ್ಯಕೀಯ ಶಿಕ್ಷಣದಲ್ಲಿ ಈ ಬಿರುಕನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಜಾರ್ಜ್ ಮಿಲ್ಲರ್ 1990ರಲ್ಲಿ ಮುಂದಿಟ್ಟ ಪಿರಮಿಡ್‌ನಲ್ಲಿ ನಾಲ್ಕು ಮೆಟ್ಟಿಲುಗಳಿವೆ: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾದ ಸಂದರ್ಭದಲ್ಲಿ ಮಾಡುವುದು. ಲಿಖಿತ ಪರೀಕ್ಷೆ ಕೆಳಗಿನ ಎರಡನ್ನು ಮಾತ್ರ ಮುಟ್ಟುತ್ತದೆ. ಮೂರನೆಯದಕ್ಕಾಗಿ ರೊನಾಲ್ಡ್ ಹಾರ್ಡನ್ 1975ರಲ್ಲಿಯೇ ಆಸ್ಕಿ ಎಂಬ ರಚನಾಬದ್ಧ ಪ್ರಾಯೋಗಿಕ ಪರೀಕ್ಷೆಯನ್ನು ಪರಿಚಯಿಸಿದ್ದರು. ವಿದ್ಯಾರ್ಥಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗುತ್ತ, ರೋಗಿಯ ಪಾತ್ರ ವಹಿಸುವ ತರಬೇತಾದ ವ್ಯಕ್ತಿಯ ಎದುರು, ನಿಗದಿತ ಸಮಯದಲ್ಲಿ ಕೆಲಸ ಮಾಡಿ ತೋರಿಸಬೇಕು. ನಾಲ್ಕನೆಯ ಮೆಟ್ಟಿಲಿಗೆ, ಅಂದರೆ ಈ ವಿದ್ಯಾರ್ಥಿಗೆ ಈ ಕೆಲಸವನ್ನು ಎಷ್ಟು ಮೇಲ್ವಿಚಾರಣೆಯಲ್ಲಿ ವಹಿಸಬಹುದು ಎಂಬ ನಿರ್ಧಾರಕ್ಕೆ, ಓಲೆ ಟೆನ್ ಕಾಟೆ 2005ರಲ್ಲಿ ಒಂದು ಚೌಕಟ್ಟು ಕೊಟ್ಟರು. ಪ್ರಿಸೆಪ್ಟರ್‌ಗಳ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಕೊನೆಯದು. ಒಬ್ಬ ವಿದ್ಯಾರ್ಥಿಗೆ ಐದಕ್ಕೆ ಮೂರು ಕೊಡಬೇಕೋ ನಾಲ್ಕು ಕೊಡಬೇಕೋ ಎಂದು ಕೇಳಿದರೆ ಯಾರಾದರೂ ತಡಬಡಾಯಿಸುತ್ತಾರೆ. ಈ ಕಣಕಾಲಿನ ತಪಾಸಣೆಯನ್ನು ನೀವು ಕೋಣೆಯಲ್ಲಿಲ್ಲದಾಗ ಅವಳಿಗೆ ಬಿಡುತ್ತೀರಾ ಎಂದು ಕೇಳಿದರೆ ಅನುಭವವಿರುವ ಪ್ರಿಸೆಪ್ಟರ್ ತಕ್ಷಣ ಉತ್ತರಿಸುತ್ತಾರೆ.

ಡಾಕ್ಟರೇಟ್ ಓದು ಆರಂಭವಾಗುವುದು ಇಲ್ಲಿಂದ ಮುಂದೆ. ಈ ಹೆಸರುಗಳನ್ನೆಲ್ಲ ಗ್ರಂಥಾಲಯದಲ್ಲಿ ಕೂತು ಯಾರು ಬೇಕಾದರೂ ಕಲಿಯಬಹುದು. ಹೀಟ್ ಸ್ಟ್ರೋಕ್‌ನ ಅಣಕು ಪ್ರಸಂಗವನ್ನು ನೀವು ರೂಪಿಸಿದಿರಿ ಎನ್ನಿ. ಅದರಲ್ಲಿ ತೇರ್ಗಡೆಯಾದವನು ನಿಜವಾದ ಪ್ರಕರಣದಲ್ಲೂ ಹಾಗೆಯೇ ವರ್ತಿಸುತ್ತಾನೆ ಎನ್ನಲು ಏನು ಆಧಾರ? ಇಬ್ಬರು ಪರೀಕ್ಷಕರು ಪ್ರತ್ಯೇಕವಾಗಿ ಅಳೆದರೆ ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆ? ಹೊಂದದಿದ್ದರೆ ದೋಷ ಪರೀಕ್ಷಕರದೋ, ಅಂಕಪಟ್ಟಿಯದೋ, ಪ್ರಸಂಗದ್ದೋ? ಹಂತಗಳನ್ನು ಒಂದೊಂದಾಗಿ ಟಿಕ್ ಮಾಡುವ ಪಟ್ಟಿ ಒಳ್ಳೆಯದೋ, ಒಟ್ಟಾರೆ ತೀರ್ಮಾನ ಕೇಳುವುದು ಒಳ್ಳೆಯದೋ? ಟಿಕ್ ಪಟ್ಟಿಯಲ್ಲಿ ಎಲ್ಲ ಹಂತಗಳನ್ನೂ ಮಾಡಿ, ಆದರೆ ತಪ್ಪಾದ ಕ್ರಮದಲ್ಲಿ, ತೀರ ನಿಧಾನವಾಗಿ ಮಾಡಿದವನು ಪೂರ್ಣ ಅಂಕ ಪಡೆಯಬಹುದು. ಹೀಟ್ ಸ್ಟ್ರೋಕ್‌ನಲ್ಲಿ ಆ ನಿಧಾನವೇ ಪ್ರಾಣ ತೆಗೆಯುತ್ತದೆ. ಇಂದು ಕಲಿತದ್ದು ಆರು ತಿಂಗಳ ನಂತರ ಎಷ್ಟು ಉಳಿದಿರುತ್ತದೆ? ಉಳಿಸಬೇಕಾದರೆ ಮತ್ತೆ ಯಾವಾಗ ಅಭ್ಯಾಸ ಮಾಡಿಸಬೇಕು?

ಇನ್ನೊಂದು ತೊಡಕನ್ನೂ ಹೇಳಬೇಕು. ನಮ್ಮ ಕಾರ್ಯಕ್ರಮಗಳು ಸಣ್ಣವು, ಒಂದು ತಂಡದಲ್ಲಿ ಹತ್ತಿಪ್ಪತ್ತು ವಿದ್ಯಾರ್ಥಿಗಳಿದ್ದರೆ ಹೆಚ್ಚು. ಅಷ್ಟು ಜನರನ್ನು ಎರಡು ಗುಂಪು ಮಾಡಿ ಹೋಲಿಸಿ, ವ್ಯತ್ಯಾಸ ಕಾಣಲಿಲ್ಲವೆಂದರೆ, ಬೋಧನೆಯಿಂದ ಪರಿಣಾಮವಾಗಲಿಲ್ಲ ಎಂದಲ್ಲ. ಅಷ್ಟು ಸಣ್ಣ ಗುಂಪಿನಲ್ಲಿ ಪರಿಣಾಮವಾಗಿದ್ದರೂ ಅದು ಕಾಣದೆ ಹೋಗಬಹುದು. ಹಾಗಾಗಿ ಹಲವು ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡು ಅಧ್ಯಯನ ಮಾಡಬೇಕು, ಅಥವಾ ಸಂದರ್ಶನ ಮತ್ತು ಅವಲೋಕನದಂತಹ ಗುಣಾತ್ಮಕ ವಿಧಾನಗಳಲ್ಲಿ ಪಳಗಬೇಕು. ಸ್ವಂತ ವಿದ್ಯಾರ್ಥಿಗಳನ್ನೇ ಅಧ್ಯಯನ ಮಾಡುವುದಾದರೆ ಸಂಶೋಧನೆ ನೈತಿಕವಾಗಿದೆಯೇ ಎಂದು ನೋಡುವ ನೀತಿ ಪರಿಶೀಲನಾ ಮಂಡಳಿ ಮೊದಲು ಕೇಳುವ ಪ್ರಶ್ನೆ, ಅಂಕ ಕೊಡುವ ಕೈಯೇ ಒಪ್ಪಿಗೆ ಪತ್ರವನ್ನೂ ಮುಂದೆ ಚಾಚಿದರೆ ವಿದ್ಯಾರ್ಥಿ ಇಲ್ಲ ಎನ್ನುವುದು ಹೇಗೆ ಎಂಬುದು. ಒಪ್ಪಿಗೆ ಪಡೆಯುವ ಕೆಲಸವನ್ನು ಮೂರನೆಯವರಿಗೆ ವಹಿಸುವುದು, ಯಾರು ಒಪ್ಪಿದರೆಂಬುದು ಅಂಕ ಮುಗಿಯುವವರೆಗೆ ಬೋಧಕರಿಗೆ ತಿಳಿಯದಂತೆ ಮಾಡುವುದು ಇಂಥ ಏರ್ಪಾಡುಗಳನ್ನು ನಾನು ಕಲಿತದ್ದು ಈ ಓದಿನಲ್ಲೇ.

ಲೆಕ್ಕಪುಸ್ತಕ:

ಎಲ್ಲರೂ ಜ್ಞಾನದ ಮಾತಾಡುತ್ತಿದ್ದೀರಿ, ಸಂತೋಷ. ಹಣದ ಮಾತನ್ನು ಯಾರಾದರೂ ಆಡಲೇಬೇಕು. ಪಿಎಚ್.ಡಿ.ಗೆ ಪೂರ್ಣಾವಧಿ ಸೇರಿ ಬೋಧನಾ ಸಹಾಯಕರೋ ಸಂಶೋಧನಾ ಸಹಾಯಕರೋ ಆದರೆ ಬೋಧನಾ ಶುಲ್ಕ ಮನ್ನಾ ಆಗಿ ಒಂದಿಷ್ಟು ಭತ್ಯೆ ಬರುತ್ತದೆ, ಆದರೆ ಈಗಿನ ಸಂಬಳ ನಿಲ್ಲುತ್ತದೆ. ಎಡ್.ಡಿ. ಮತ್ತು ಡಿ.ಎ.ಟಿ.ಗಳನ್ನು ಕೆಲಸ ಮಾಡುತ್ತಲೇ ಓದಬಹುದು, ಆದರೆ ಶುಲ್ಕ ಸಾಮಾನ್ಯವಾಗಿ ನಿಮ್ಮದೇ.

ಸಾಲದ ನಿಯಮ ಬದಲಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಪದವಿಯ ನಂತರದ ಓದಿಗೆಂದು ಒಕ್ಕೂಟ ಸರ್ಕಾರ ಕೊಡುವ ಗ್ರ್ಯಾಡ್ ಪ್ಲಸ್ ಸಾಲ ಸಿಗುವುದಿಲ್ಲ. ಪದವಿಯ ನಂತರದ ಓದಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್ ಮಿತಿಯಿದೆ. ವೃತ್ತಿಪರ ಪದವಿಯೆಂದು ಪರಿಗಣಿತವಾದವಕ್ಕೆ ಮಿತಿ ಹೆಚ್ಚಿದೆ. ನೀವು ಸೇರುವ ಕಾರ್ಯಕ್ರಮ ಯಾವ ವರ್ಗದಲ್ಲಿದೆ ಎಂಬುದನ್ನು ಆ ವಿಶ್ವವಿದ್ಯಾಲಯದ ಹಣಕಾಸು ನೆರವು ಕಚೇರಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಉದ್ಯೋಗದಾತರು ಶಿಕ್ಷಣಕ್ಕೆ ಕೊಡುವ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆಯಿಲ್ಲ. ವಿಶ್ವವಿದ್ಯಾಲಯದ ನೌಕರರಾಗಿ ಅಲ್ಲಿಯೇ ಉಚಿತವಾಗಿ ಡಾಕ್ಟರೇಟ್ ಓದುವವರು, ಆ ಮಿತಿಗಿಂತ ಮೇಲಿನ ಶುಲ್ಕದ ಮೊತ್ತ ತಮ್ಮ ಆದಾಯಕ್ಕೆ ಸೇರಿ ಸಂಬಳದಲ್ಲಿ ತೆರಿಗೆ ಕಡಿತವಾದಾಗ ಬೆಚ್ಚಿಬೀಳುವುದನ್ನು ಕಂಡಿದ್ದೇನೆ. ನಾಟಾದ ಸಂಶೋಧನೆ ಮತ್ತು ಶಿಕ್ಷಣ ಪ್ರತಿಷ್ಠಾನ ವಿದ್ಯಾರ್ಥಿವೇತನ ಮತ್ತು ಸಂಶೋಧನಾ ಅನುದಾನ ನೀಡುತ್ತದೆ, ಅದನ್ನೂ ನೋಡಿ.

ಇನ್ನೊಂದು ವಿಷಯ, ಇದನ್ನು ಅನೇಕರು ಗಮನಿಸುವುದಿಲ್ಲ. ಸಾರ್ವಜನಿಕ ಸೇವೆಯಲ್ಲಿರುವವರ ಸಾಲ ಮನ್ನಾ ಯೋಜನೆಯಡಿ ಮನ್ನಾ ಆಗಲು ಬೇಕಾದ 120 ಮಾಸಿಕ ಕಂತುಗಳನ್ನು ನೀವು ಎಣಿಸುತ್ತಿದ್ದರೆ, ಅರ್ಧಾವಧಿ ಅಥವಾ ಅದಕ್ಕಿಂತ ಹೆಚ್ಚು ಓದಿಗೆ ಸೇರಿದ ಕೂಡಲೇ ಹಳೆಯ ಸಾಲಗಳು ತಾವಾಗಿಯೇ ಮುಂದೂಡಿಕೆಗೆ ಹೋಗುತ್ತವೆ ಮತ್ತು ಆ ತಿಂಗಳುಗಳು ಎಣಿಕೆಗೆ ಸೇರುವುದಿಲ್ಲ. ಮುಂದೂಡಿಕೆ ಬೇಡವೆಂದು ಸಾಲ ನಿರ್ವಹಿಸುವ ಸಂಸ್ಥೆಗೆ ತಿಳಿಸಿ ಕಂತು ಕಟ್ಟುತ್ತಲೇ ಹೋಗಬಹುದು.

ಗಡಿಯಾರ:

ನನ್ನದು ಬೇರೆಯೇ ಅಭಿಪ್ರಾಯ. ನಾನೂ ಪ್ರಿಸೆಪ್ಟರ್. ನನ್ನ ಬೋಧನೆ ಕೆಡುವುದು ಬೋಧನಾ ಸಿದ್ಧಾಂತ ಗೊತ್ತಿಲ್ಲದ್ದರಿಂದ ಅಲ್ಲ, ಸಮಯವಿಲ್ಲದ್ದರಿಂದ. ಸಂಜೆ ಅಭ್ಯಾಸಕ್ಕೆ ಮುಂಚೆ ಒಂದು ಗಂಟೆಯಲ್ಲಿ ಕೋಣೆ ತುಂಬ ಆಟಗಾರರು ಸಾಲುಗಟ್ಟಿರುತ್ತಾರೆ. ಪ್ರತಿಯೊಬ್ಬರ ಕಾಲಿಗೂ ಟೇಪು ಸುತ್ತಿ ಮುಗಿಸುವಷ್ಟರಲ್ಲಿ ಮೈದಾನಕ್ಕೆ ಓಡಬೇಕು. ಆ ಹೊತ್ತಿನಲ್ಲಿ ವಿದ್ಯಾರ್ಥಿನಿಗೆ ‘ನೀನೇ ಪರೀಕ್ಷಿಸಿ ನಿನ್ನ ತರ್ಕವನ್ನು ನನಗೆ ವಿವರಿಸು’ ಎಂದು ಹೇಳಿ ಕಾಯುವುದು ಸಾಧ್ಯವೇ? ಅವಳ ಕೈಗೆ ಟೇಪು ಕೊಡುತ್ತೇನೆ, ಅವಳು ಸುತ್ತುತ್ತಾಳೆ, ನಾನು ಸುತ್ತುತ್ತೇನೆ. ದಿನದ ಕೊನೆಗೆ ಅವಳ ಗಂಟೆಗಳಿಗೆ ಸಹಿ ಹಾಕುತ್ತೇನೆ. ಪ್ರಿಸೆಪ್ಟರ್ ಕೆಲಸಕ್ಕೆ ನಮ್ಮಲ್ಲಿ ಬಹುಮಂದಿಗೆ ಸಂಬಳವೂ ಇಲ್ಲ, ಕೆಲಸದ ಹೊರೆಯಲ್ಲಿ ಕಡಿತವೂ ಇಲ್ಲ. ಒಬ್ಬರು ಡಾಕ್ಟರೇಟ್ ಮಾಡಿ ಇನ್ನೊಂದು ಅಂಕಪಟ್ಟಿ ತಯಾರಿಸಿ ಕಳಿಸಿದರೆ ಅದನ್ನು ತುಂಬಲು ನನಗೆ ಇನ್ನಷ್ಟು ಹೊತ್ತು ಬೇಕಾಗುತ್ತದೆ, ಅಷ್ಟೇ. ಶಾಲೆಯ ಆಡಳಿತದೊಂದಿಗೆ ಜಗಳವಾಡಿ ಎರಡನೆಯ ಅಥ್ಲೆಟಿಕ್ ಟ್ರೈನರ್ ಹುದ್ದೆ ತರಿಸಿಕೊಟ್ಟರೆ ಅದೇ ದೊಡ್ಡ ಶೈಕ್ಷಣಿಕ ಸುಧಾರಣೆ. ಅದಕ್ಕೆ ಪದವಿ ಬೇಕಿಲ್ಲ.

ಮೈದಾನದಂಚು:

ಎಲ್ಲರಿಗೂ ವಂದನೆಗಳು. ಗಡಿಯಾರ ಅವರ ಬರಹ ನನ್ನ ಮಧ್ಯಾಹ್ನಗಳನ್ನೇ ಬಣ್ಣಿಸಿದಂತಿದೆ. ಅದಕ್ಕೆ ಎದುರಾಡುವುದು ನನಗೆ ಕಷ್ಟ. ಆದರೆ ಒಂದನ್ನು ಕೇಳಬೇಕೆನಿಸಿತು. ಎರಡನೆಯ ಹುದ್ದೆ ಬೇಕೆಂದು ಆಡಳಿತದ ಮುಂದೆ ಕೂತಾಗ ನಾವು ಏನನ್ನು ತೋರಿಸುತ್ತೇವೆ? ‘ತುಂಬ ಕೆಲಸವಿದೆ’ ಎಂದು ಎಲ್ಲ ವಿಭಾಗದವರೂ ಹೇಳುತ್ತಾರೆ. ಕೆಲಸದ ಹೊರೆ ಹೆಚ್ಚಿದಂತೆ ವಿದ್ಯಾರ್ಥಿಗೆ ಸಿಗುವ ಕಲಿಕೆಯ ಅವಕಾಶ ಎಷ್ಟು ಕುಗ್ಗುತ್ತದೆ ಎಂಬುದನ್ನು ಯಾರಾದರೂ ಅಳೆದು ತೋರಿಸಿದರೆ ಆ ಮಾತಿಗೆ ತೂಕ ಬರುವುದಿಲ್ಲವೇ? ಪ್ರಬಂಧದ ನಡುವೆ ಅವರ ಬರಹ ಓದಿದ ಮೇಲೆ ನನ್ನ ಪ್ರಶ್ನೆ ಕಿರಿದಾಗಿದೆ. ವಿದ್ಯಾರ್ಥಿಯೊಬ್ಬಳು ಕ್ಲಿನಿಕಲ್ ಸ್ಥಳದಲ್ಲಿ ಕಳೆಯುವ ಒಂದು ಗಂಟೆಯಲ್ಲಿ ತಾನೇ ಯೋಚಿಸಿ ನಿರ್ಧರಿಸುವ ಹೊತ್ತು ಎಷ್ಟು, ಬರೀ ಕೈಕೆಲಸ ಎಷ್ಟು, ಸುಮ್ಮನೆ ನಿಂತು ಕಾಯುವುದು ಎಷ್ಟು, ಮತ್ತು ಪ್ರಿಸೆಪ್ಟರ್‌ನ ಹೊರೆ ಅಥವಾ ತರಬೇತಿ ಬದಲಾದರೆ ಈ ಪಾಲು ಬದಲಾಗುತ್ತದೆಯೇ ಎಂಬುದನ್ನು ನಾನು ತಿಳಿಯಬೇಕು. ಈ ಪ್ರಶ್ನೆ ಹಿಡಿದು ಹೋದರೆ ಯಾವ ಪದವಿ?

ಹಳೆಯ ಬೋಧಕ:

ಗಡಿಯಾರ ಅವರಿಗೆ ಮೊದಲು. ನೀವು ಹೇಳಿದ್ದು ಸತ್ಯ, ಮತ್ತು ಕಾರ್ಯಕ್ರಮ ನಿರ್ದೇಶಕರು ಅದನ್ನು ಕೇಳಿಸಿಕೊಳ್ಳಬೇಕು. ಆದರೆ ಪದವಿ ಬೇಕಿಲ್ಲವೆಂಬುದನ್ನು ಒಪ್ಪಲಾರೆ. ಗಂಟೆಗಳನ್ನು ಎಣಿಸುವ ಪದ್ಧತಿಯನ್ನು ಬದಲಿಸುವ ಮಾನದಂಡಗಳನ್ನು ಬರೆಯುವ ಸಮಿತಿಗಳಲ್ಲಿ, ಕಾರ್ಯಕ್ರಮಗಳನ್ನು ಪರಿಶೀಲಿಸಲು ಹೋಗುವ ತಂಡಗಳಲ್ಲಿ, ವಿಶ್ವವಿದ್ಯಾಲಯದ ಪಠ್ಯಕ್ರಮ ಮಂಡಳಿಗಳಲ್ಲಿ ಡಾಕ್ಟರೇಟ್ ಇಲ್ಲದವರ ದನಿ ಬಹಳ ಕ್ಷೀಣ. ಇದು ನ್ಯಾಯವೆಂದು ಹೇಳುತ್ತಿಲ್ಲ, ಹಾಗಿದೆ ಎಂದು ಹೇಳುತ್ತಿದ್ದೇನೆ. ಮೈದಾನವನ್ನು ಬಲ್ಲವರು ಆ ಕೋಣೆಗಳಿಗೆ ಹೋಗದಿದ್ದರೆ ಮೈದಾನ ಬಿಟ್ಟು ಬಹುಕಾಲವಾದ ನನ್ನಂಥವರೇ ಅಲ್ಲಿ ಕೂತಿರುತ್ತೇವೆ.

ಮೈದಾನದಂಚು ಅವರೇ, ನಿಮ್ಮ ಈಗಿನ ಪ್ರಶ್ನೆ ಎರಡು ದಾರಿಗಳಿಗೂ ಹೊಂದುತ್ತದೆ, ಆದರೆ ಒಂದೇ ರೀತಿಯಲ್ಲಲ್ಲ. ನಿಮ್ಮ ಶಾಲೆ ಮತ್ತು ನಿಮಗೆ ವಿದ್ಯಾರ್ಥಿಗಳನ್ನು ಕಳಿಸುವ ಆ ಒಂದು ಕಾರ್ಯಕ್ರಮದಲ್ಲಿ ಸ್ಥಿತಿಯನ್ನು ಬದಲಿಸಿ ತೋರಿಸಬೇಕೆಂದಿದ್ದರೆ ಎಡ್.ಡಿ. ಸಾಕು, ಅಷ್ಟೇ ಅಲ್ಲ, ಅದೇ ಹೆಚ್ಚು ಸೂಕ್ತ. ಕೆಲಸ ಬಿಡಬೇಕಾಗಿಲ್ಲ, ನಿಮ್ಮ ಕೆಲಸದ ಸ್ಥಳವೇ ಪ್ರಯೋಗಶಾಲೆಯಾಗುತ್ತದೆ. ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ಬಳಸಬಹುದಾದ ಅಳತೆಯ ಸಾಧನವನ್ನು ರೂಪಿಸಬೇಕೆಂದಿದ್ದರೆ ಪಿಎಚ್.ಡಿ. ಮಾಡಿ. ಅಂಥ ಸಾಧನದ ವಿಶ್ವಸನೀಯತೆಯನ್ನು ಸಾಬೀತುಪಡಿಸಲು ಬೇಕಾದ ಸಂಖ್ಯಾಶಾಸ್ತ್ರವನ್ನು ಬಹುಪಾಲು ಎಡ್.ಡಿ. ಕಾರ್ಯಕ್ರಮಗಳು ಅಷ್ಟು ಆಳವಾಗಿ ಕಲಿಸುವುದಿಲ್ಲ. ಡಿ.ಎ.ಟಿ.ಯನ್ನು ನಿಮ್ಮ ವಿಷಯದಲ್ಲಿ ನಾನು ಪಕ್ಕಕ್ಕಿಡುತ್ತೇನೆ, ತಣ್ಣೀರ ತೊಟ್ಟಿ ಅವರು ಮನ್ನಿಸಬೇಕು.

ಪದವಿಯ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ. ನಮ್ಮ ವೃತ್ತಿಯ ಹೆಸರಿನಲ್ಲಿ ನಡೆಯುವ ಪಿಎಚ್.ಡಿ.ಗಳಲ್ಲಿ ಬಹಳಷ್ಟು ಸಂಶೋಧನೆ ಕಣಕಾಲಿನ ಅಸ್ಥಿರತೆ, ಮಂಡಿಯ ಅಸ್ಥಿಬಂಧ, ಕನ್‌ಕಶನ್ ಎಂಬ ಮಿದುಳಿನ ಪೆಟ್ಟು, ಉಷ್ಣತೆ ಇವುಗಳ ಸುತ್ತ ಇದೆ. ಪ್ರಯೋಗಾಲಯಕ್ಕೆ ಅನುದಾನ ತರುವವು ಅವೇ. ಶಿಕ್ಷಣದ ಪ್ರಶ್ನೆಯೊಂದಿಗೆ ಅಂಥ ಪ್ರಯೋಗಾಲಯ ಸೇರಿದವರು, ಕೊನೆಗೆ ಚಲನೆಯನ್ನು ಅಳೆಯುವ ಕ್ಯಾಮೆರಾಗಳ ನಡುವೆ ಬೇರೆಯವರ ಪ್ರಶ್ನೆಗೆ ಉತ್ತರ ಬರೆದು ಹೊರಬಂದದ್ದನ್ನು ನೋಡಿದ್ದೇನೆ. ಅವರ ಪದವಿಗೆ ಕುಂದಿಲ್ಲ, ಆದರೆ ಬೋಧನೆಗೆ ಬಂದಾಗ ತಾವು ಕಲಿತ ರೀತಿಯಲ್ಲೇ ಕಲಿಸಿದರು. ನಿಮ್ಮ ಪ್ರಶ್ನೆಗೆ ತಕ್ಕ ಮಾರ್ಗದರ್ಶಕರು ಶಿಕ್ಷಣ ವಿಭಾಗದಲ್ಲೋ, ಆರೋಗ್ಯ ವೃತ್ತಿಗಳ ಶಿಕ್ಷಣ ಎಂಬ ಹೆಸರಿನ ವಿಭಾಗದಲ್ಲೋ ಸಿಗಬಹುದು. ಅಥ್ಲೆಟಿಕ್ ಟ್ರೈನಿಂಗ್ ತಿಳಿದ ಒಬ್ಬರು ಸಲಹಾ ಸಮಿತಿಯಲ್ಲಿದ್ದರೆ ಸಾಕು. 2006ರಿಂದ ನಮ್ಮ ಶಿಕ್ಷಣಕ್ಕೆಂದೇ ಪ್ರಕಟವಾಗುತ್ತಿರುವ ‘ಅಥ್ಲೆಟಿಕ್ ಟ್ರೈನಿಂಗ್ ಎಜುಕೇಶನ್ ಜರ್ನಲ್’ ಇದೆ. ನಿಮ್ಮ ಪ್ರಶ್ನೆಗೆ ಹತ್ತಿರದ ಲೇಖನಗಳ ಕೆಳಗೆ ಯಾವ ವಿಶ್ವವಿದ್ಯಾಲಯಗಳ ಹೆಸರು ಮತ್ತೆ ಮತ್ತೆ ಬರುತ್ತದೆಯೋ ಅಲ್ಲಿಂದ ಹುಡುಕಲು ಶುರುಮಾಡಿ.

ಗಡಿಯಾರ:

ಅಳೆದು ತೋರಿಸುವ ಮಾತು ಒಪ್ಪುತ್ತೇನೆ. ಆದರೆ ಅಳೆಯುವುದಕ್ಕೆ ನನ್ನ ಕೈಗೆ ಇನ್ನೊಂದು ಅರ್ಜಿ ಕೊಡಬೇಡಿ. ನೋಡಿ ಬರೆದುಕೊಳ್ಳಲು ನೀವೇ ಬನ್ನಿ, ನಾನು ಬಾಗಿಲು ತೆರೆದಿಡುತ್ತೇನೆ. ಆಗಸ್ಟ್‌ನಲ್ಲಿ ಫುಟ್‌ಬಾಲ್ ಅಭ್ಯಾಸ ಆರಂಭವಾಗುವ ವಾರಗಳಲ್ಲಿ ಬನ್ನಿ, ಸ್ಥಿತಿ ಅತ್ಯಂತ ಕೆಟ್ಟದಾಗಿರುವಾಗ.

ಮೈದಾನದಂಚು:

ಖಂಡಿತ. ಆ ವಾರಗಳಲ್ಲಿ ನಾನೂ ನನ್ನ ಶಾಲೆಯ ಮೈದಾನದಲ್ಲಿ ಸಿಕ್ಕಿಬಿದ್ದಿರುತ್ತೇನೆ ಎಂಬುದೇ ತೊಡಕು! ಪಿಎಚ್.ಡಿ.ಯತ್ತ ಮನಸ್ಸು ವಾಲುತ್ತಿದೆ, ಆದರೆ ಸಂಬಳ ಬಿಡುವ ವಿಚಾರ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅರ್ಜಿ ಹಾಕುವ ಮೊದಲು ಮಾರ್ಗದರ್ಶಕರಾಗಬಹುದಾದವರೊಂದಿಗೆ ಮಾತಾಡುವಾಗ ಏನನ್ನು ಕೇಳಬೇಕು?

ಪ್ರಬಂಧದ ನಡುವೆ:

ನಿಮ್ಮ ಹಿಂದಿನ ವಿದ್ಯಾರ್ಥಿಗಳು ಎಷ್ಟು ಕಾಲದಲ್ಲಿ ಮುಗಿಸಿದರು, ಮುಗಿಸದೆ ಹೋದವರು ಯಾಕೆ ಹೋದರು ಎಂದು ಕೇಳಿ. ಎರಡನೆಯದಕ್ಕೆ ಉತ್ತರ ಹೇಗೆ ಬರುತ್ತದೆ ಎಂಬುದರಿಂದ ಆ ವ್ಯಕ್ತಿಯ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಸಹಾಯಕ ಹುದ್ದೆ ಎಷ್ಟು ವರ್ಷಗಳಿಗೆ ಖಾತರಿ, ಬೇಸಿಗೆಗೆ ಭತ್ಯೆ ಇದೆಯೇ, ಆರೋಗ್ಯ ವಿಮೆ ಇದೆಯೇ ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ಸಹಾಯಕ ಹುದ್ದೆಯ ಹೆಸರಿನಲ್ಲಿ ವಿಶ್ವವಿದ್ಯಾಲಯದ ಯಾವುದಾದರೊಂದು ತಂಡಕ್ಕೆ ಅಥ್ಲೆಟಿಕ್ ಟ್ರೈನರ್ ಆಗಿ ಕೆಲಸ ಮಾಡಬೇಕಾಗುತ್ತದೆಯೇ ಎಂಬುದನ್ನೂ ತಿಳಿದುಕೊಳ್ಳಿ. ತಂಡದೊಂದಿಗೆ ವಾರಾಂತ್ಯ ಪ್ರಯಾಣಿಸುತ್ತ ಸಂಖ್ಯಾಶಾಸ್ತ್ರದ ಕೋರ್ಸ್ ಓದುವುದು ಸುಲಭವಲ್ಲ. ಅವರ ಇಬ್ಬರು ಈಗಿನ ವಿದ್ಯಾರ್ಥಿಗಳೊಂದಿಗೆ, ಮಾರ್ಗದರ್ಶಕರು ಎದುರಿಗಿಲ್ಲದಾಗ, ಮಾತಾಡಿ.

ನಿಮ್ಮ ಪ್ರಶ್ನೆಯನ್ನು ಅವರ ಮುಂದೆ ಇಡುವಾಗ ಒಂದು ಪುಟದಲ್ಲಿ ಬರೆದು ಮೊದಲೇ ಕಳಿಸಿ. ವಿದ್ಯಾರ್ಥಿಯ ಸಮಯವನ್ನು, ತಾನೇ ಯೋಚಿಸಿ ನಿರ್ಧರಿಸುವ ಹೊತ್ತು, ಕೈಕೆಲಸದ ಹೊತ್ತು, ಕಾಯುವ ಹೊತ್ತು ಎಂದು ವಿಂಗಡಿಸಿದ್ದೀರಲ್ಲ, ಅದನ್ನು ಈಗಲೇ ಬಿಗಿಗೊಳಿಸಲು ಆರಂಭಿಸಿ. ಟೇಪು ಸುತ್ತುತ್ತಲೇ ಆಟಗಾರನ ಹಳೆಯ ಗಾಯದ ಬಗ್ಗೆ ವಿಚಾರಿಸುವ ವಿದ್ಯಾರ್ಥಿನಿಯನ್ನು ಯಾವ ಸಾಲಿಗೆ ಸೇರಿಸುತ್ತೀರಿ? ಸುಮ್ಮನೆ ನಿಂತು ಹಿರಿಯರ ತಪಾಸಣೆಯನ್ನು ಗಮನವಿಟ್ಟು ನೋಡುವವಳು ಕಾಯುತ್ತಿದ್ದಾಳೆಯೇ, ಕಲಿಯುತ್ತಿದ್ದಾಳೆಯೇ? ಗಡಿಯಾರ ಅವರೂ ನೀವೂ ಒಂದೇ ಮಧ್ಯಾಹ್ನವನ್ನು ನೋಡಿ ಪ್ರತ್ಯೇಕವಾಗಿ ಗುರುತು ಹಾಕಿ, ಆಮೇಲೆ ಹೋಲಿಸಿ. ಎಲ್ಲಿ ಹೊಂದಲಿಲ್ಲವೋ ಆ ಸಾಲುಗಳನ್ನು ಆ ಪುಟದಲ್ಲಿ ಸೇರಿಸಿ ಕಳಿಸಿ. ಆದರೆ ವಿದ್ಯಾರ್ಥಿಗಳ ಮೇಲಿನ ಯಾವ ದಾಖಲೆಯನ್ನಾದರೂ ಮುಂದೆ ಸಂಶೋಧನೆಗೆ ಬಳಸುವ ಉದ್ದೇಶವಿದ್ದರೆ ನೀತಿ ಪರಿಶೀಲನಾ ಮಂಡಳಿಯ ಒಪ್ಪಿಗೆ ಬರುವವರೆಗೆ ಅದನ್ನು ಸಂಗ್ರಹಿಸಬೇಡಿ; ಸದ್ಯಕ್ಕೆ ವಿದ್ಯಾರ್ಥಿಗಳಿಲ್ಲದ ದಿನ, ನೀವಿಬ್ಬರೇ ಪಾತ್ರ ವಹಿಸಿಕೊಂಡು ಪ್ರಯತ್ನಿಸಿ.

ಗಡಿಯಾರ:

ಹಾಗಾದರೆ ಟೇಪು ಸುತ್ತುವ ವಿದ್ಯಾರ್ಥಿಯ ಪಾತ್ರ ನನಗಿರಲಿ. ಕಾಲು ಚಾಚಲು ಒಬ್ಬ ಆಟಗಾರನನ್ನು ನೀವು ಕರೆತನ್ನಿ.